ಡೀಸೆಲ್ ಟ್ಯಾಂಕಿಗೆ ಬಿರಡೆ

ಮೇ ೧೪, ಮಂಗಳವಾರ. ರಬಾಳೆ ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಿಗೆ ಇಡ್ಲಿ ಹಿಟ್ಟು ಒಯ್ಯುವ ನಮ್ಮ ಹಳೆಯ ಪಿಕಪ್ ಮತ್ತೆ ದಾರಿಯಲ್ಲಿ ನಿಂತಿತು. ಇಂದು ಚಾಲಕ ಬಸಪ್ಪನ ಪಕ್ಕದಲ್ಲಿ ನಾನೂ ಇದ್ದೆ.

ಗೆಳೆಯರೇ, ಹೀಗೆ ಗಾಡಿ ನಿಂತಾಗಲೆಲ್ಲ ನಮ್ಮ ಹಿಟ್ಟಿನ ಅಂಗಡಿ ನಡೆಸುವ ಅಣ್ಣ ಬಸಪ್ಪನನ್ನೇ ಬೈಯುತ್ತಿದ್ದ. ಶನಿವಾರದಿಂದ ಕೆಲಸಕ್ಕೆ ಬರಬೇಡ ಎಂದು ನಿನ್ನೆ ಹೇಳಿಯೂ ಬಿಟ್ಟಿದ್ದ.

ನಾನು ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಅದು ಬುಸ್ಸೆಂದು ಗಾಳಿ ಎಳೆದುಕೊಂಡಿತು. ಡೀಸೆಲ್ ಕಡಿಮೆಯಾದ ಹಾಗೆ ಟ್ಯಾಂಕಿನೊಳಗೆ ಗಾಳಿ ಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ; ಅದು ಮುಚ್ಚಿದರೆ ಎಂಜಿನ್ನಿಗೆ ಡೀಸೆಲ್ ಬರುವುದು ನಿಲ್ಲುತ್ತದೆ. ಬಗ್ಗಿ ನೋಡಿದರೆ ಆ ಕೊಳವೆಯ ಬಾಯಿಗೆ ಯಾರೋ ರಬ್ಬರ್ ಬಿರಡೆ ಜಡಿದಿದ್ದರು. ಕಿತ್ತು ತೆಗೆದೆ.

"ನಂದ ತಪ್ಪ ಐತಿ ಅಂತ ತಿಳ್ಕೊಂಡಿದ್ನಲ್ರಿ," ಎಂದ ಬಸಪ್ಪ.

ಅಣ್ಣನಿಗೆ ಫೋನ್ ಮಾಡಿದೆ.

"ಬಿರಡೆ ಹಾಕಿದ್ದು ನಾನೇ ಮಾರಾಯ. ಆ ಪೈಪಿನಿಂದ ಹಿಟ್ಟಿಗೆ ಡೀಸೆಲ್ ವಾಸನೆ ಬರ್ತದೆ ಅಂತ ಗಿರಾಕಿಗಳದ್ದು ಕಿಟ್‌ಕಿಟ್ ಶುರುವಾಗಿತ್ತು."

"ಮತ್ತೆ ಬಸಪ್ಪನಿಗೆ ಯಾಕೆ ಬೈದದ್ದು?"

"ಗಾಡಿ ನಿಂತರೆ ಡ್ರೈವರಿಗೆ ಬೈಯದೆ ಪೈಪಿಗೆ ಬೈಲಿಕ್ಕೆ ಆಗ್ತದಾ?"

ಕೊಳವೆಯನ್ನು ಉದ್ದ ಮಾಡಿ ಗಾಡಿಯ ಹಿಂದಕ್ಕೆ ತಿರುಗಿಸಿದ್ದರೆ ವಾಸನೆಯೂ ಇರುತ್ತಿರಲಿಲ್ಲ, ಗಾಡಿಯೂ ಓಡುತ್ತಿತ್ತು. ಆದರೆ ಆಗ ಅಣ್ಣನಿಗೆ ಬೈಯಲು ಯಾರೂ ಸಿಗುತ್ತಿರಲಿಲ್ಲವಲ್ಲ!

ನಾಳೆ ಅಂಗಡಿಯಲ್ಲಿ ಎಲ್ಲರೆದುರು ಅಣ್ಣ ಬಸಪ್ಪನ ಕ್ಷಮೆ ಕೇಳಬೇಕು. ಕೇಳದಿದ್ದರೆ ಶನಿವಾರದಿಂದ ನಾನೂ ಅಂಗಡಿಗೆ ಹೋಗುವುದಿಲ್ಲ. ಇದು ತೀರ್ಮಾನ. ಅಣ್ಣನಿಗೆ ಇನ್ನೂ ಹೇಳಿಲ್ಲ. ಅವನು ಈ ಬ್ಲಾಗಿನಲ್ಲಿ ಓದಿಬಿಡುವ ಮೊದಲು ಹೇಳಬೇಕು.