ಗೋದಾವರಿ ಕುಡಿದ ಚಿಪ್ಪುಗಳು

ಹೋದ ಬೇಸಿಗೆಯಲ್ಲಿ ನಾಸಿಕದ ನಮ್ಮ ಮನೆಯ ಹಿಂದಿನ ಗ್ಯಾಲರಿಯಲ್ಲಿ ನಾನು ಒಂದು ಥರ್ಮೋಕೋಲ್ ಪೆಟ್ಟಿಗೆ ಇಟ್ಟಿದ್ದೆ. ಅದರೊಳಗೆ ಕೊಂಕಣದ ಒಂದು ಖಾಡಿಯ ನೀರು, ನೀರಿನಲ್ಲಿ ಎರಡು ಬಲೆಚೀಲ, ಚೀಲಗಳಲ್ಲಿ ಜೀವಂತ ಕಪ್ಪೆಚಿಪ್ಪುಗಳು. ಆಮೇಲೆ ನಡೆದದ್ದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಾನೂ ಒಂದೆರಡು ಸಲ ನಗಿಸುವಂತೆಯೇ ಹೇಳಿದ್ದೇನೆ. ಇಲ್ಲಿ ಹಾಗೆ ಹೇಳುವುದಿಲ್ಲ.

ಖಾಡಿ ಎಂದರೆ ಸಮುದ್ರ ನೆಲದೊಳಗೆ ಚಾಚಿದ ತೋಳು. ಭರತದಲ್ಲಿ ತುಂಬುತ್ತದೆ, ಇಳಿತದಲ್ಲಿ ಎರಡೂ ಬದಿಯ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನೊಳಗೆ ಏನೇನು ಬದುಕಿದೆ ಎಂದು ನೋಡಿ ಖಾಡಿಯ ಆರೋಗ್ಯ ಹೇಳುವುದು ನನ್ನ ಕೆಲಸ. ಸಮುದ್ರದಿಂದ ಇಷ್ಟು ದೂರದ ಸಂಭಾಜಿನಗರದ ಪ್ರಯೋಗಾಲಯದಲ್ಲಿ ಕುಳಿತು ಇದನ್ನು ಮಾಡುವುದು ಕೇಳುವವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ನಮಗೆ ಬರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಜೀವ ಇರುವುದಿಲ್ಲ. ಕೆಸರನ್ನು ದೋಣಿಯ ಮೇಲೆಯೇ ಜರಡಿ ಹಿಡಿದು, ಜರಡಿಯಲ್ಲಿ ಉಳಿದದ್ದರ ಮೇಲೆ ಫಾರ್ಮಲಿನ್ ಸುರಿದು ಮುಚ್ಚುತ್ತೇವೆ. ಜೊತೆಗೆ ಒಂದು ಗುಲಾಬಿ ಬಣ್ಣ ಬೆರೆಸುತ್ತೇವೆ. ಆ ಗಳಿಗೆಯವರೆಗೆ ಬದುಕಿದ್ದದ್ದು ಮಾತ್ರ ಬಣ್ಣ ಹಿಡಿಯುತ್ತದೆ. ಮೊದಲೇ ಸತ್ತದ್ದು ಬಿಳಿಚಿಕೊಂಡೇ ಇರುತ್ತದೆ. ಖಾಡಿ ಬದುಕಿದೆ ಎಂದು ತೋರಿಸಲು ಅದರಲ್ಲಿ ಬದುಕಿದ್ದನ್ನು ಕೊಲ್ಲಬೇಕು. ಇದನ್ನು ನಾನು ಮನೆಯಲ್ಲಿ ಎಂದೂ ಹೇಳಿರಲಿಲ್ಲ. ನಮ್ಮದು ಬೀದರ್ ಕಡೆಯಿಂದ ನೌಕರಿಗೆಂದು ಬಂದು ನಾಸಿಕದಲ್ಲೇ ನಿಂತ ಶೈವ ಮನೆತನ. ಅಡುಗೆ ಕಟ್ಟೆಯ ಮೇಲೆ ಇರುವೆ ಸಾಲು ಕಂಡರೆ, ಒರೆಸುವ ಮೊದಲು ಸಕ್ಕರೆ ಉದುರಿಸುತ್ತ ಅದನ್ನು ಕಿಟಕಿಯ ತನಕ ಕರೆದೊಯ್ಯುವವಳು ನಮ್ಮವ್ವ.

ಆ ಸಲ ಮಾತ್ರ ಜೀವಂತವೇ ಬೇಕಾಗಿತ್ತು. ಖಾಡಿಯ ಊರಿನಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪು ಆಯ್ದು ಮಾರುವ ಹೆಂಗಸೊಬ್ಬಳಿದ್ದಳು. ಊರ ಬದಿಯ ದಂಡೆಗೆ ಮೇಲಿನಿಂದ ಒಂದು ನಾಲೆ ಬಂದು ಕೂಡುತ್ತದೆ. ಕೆಲವು ದಿನ ಅದರ ನೀರಿನ ಬಣ್ಣ ಬೇರೆಯಾಗಿರುತ್ತಿತ್ತು. ಆ ದಂಡೆಯ ಚಿಪ್ಪನ್ನು ಮಕ್ಕಳಿಗೆ ತಿನ್ನಿಸಬಹುದೇ, ಮಾರಬಹುದೇ ಎಂದು ಅವಳು ನಮ್ಮನ್ನು ಕೇಳಿದಳು. ನಾವು ಉತ್ತರ ಹೇಳುವ ತನಕ ಅಲ್ಲಿ ಇಳಿಯಬೇಡಿ ಎಂದವಳು ನಾನು. ಅವಳು ಇಳಿಯುವುದನ್ನು ನಿಲ್ಲಿಸಿದಳು. ಆಚೆ ದಂಡೆಗೆ ಹೋಗಲು ದೋಣಿ ಬೇಕು. ಅವಳಿಗೆ ದೋಣಿ ಇಲ್ಲ; ಬೇರೆಯವರ ದೋಣಿ ಹೊರಟ ದಿನ ಮಾತ್ರ ಅವಳಿಗೆ ಕೆಲಸ. ಮಳೆ ಹಿಡಿಯುವ ಮೊದಲು ಉತ್ತರ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಪರೀಕ್ಷೆ ಸರಳವಾದದ್ದು. ಎರಡೂ ದಂಡೆಯ ಚಿಪ್ಪುಗಳನ್ನು ಶುದ್ಧ ಮರಳಿನ ಮೇಲೆ ಬಿಡಬೇಕು. ಆರೋಗ್ಯವಾಗಿರುವುದು ಕಾಲು ಚಾಚಿ ಮರಳಿನೊಳಗೆ ಇಳಿದುಬಿಡುತ್ತದೆ. ಕುಗ್ಗಿರುವುದು ಮೇಲೆಯೇ ಬಿದ್ದಿರುತ್ತದೆ. ಆಮೇಲೆ ಅವುಗಳ ಮಾಂಸ ತೆಗೆದು ಅದರಲ್ಲಿ ಯಾವ ಯಾವ ಲೋಹ ಸೇರಿದೆ ಎಂದು ನೋಡಬೇಕು. ಅದಕ್ಕಾಗಿ ಮಳೆಗೆ ಮುಂಚಿನ ಕೊನೆಯ ದೊಡ್ಡ ಇಳಿತದಲ್ಲಿ ಎರಡು ಚೀಲ ತುಂಬಿಸಿಕೊಂಡು ಹೊರಟೆವು.

ಕಸಾರಾ ಘಾಟಿನಲ್ಲಿ ಲಾರಿಯೊಂದು ಅಡ್ಡಬಿದ್ದು ತಡವಾಯಿತು. ನಾಸಿಕ ಮುಟ್ಟಿದಾಗ ಸಂಜೆ. ಜೀವಂತ ಮಾದರಿ ತರುವಾಗ ದಾರಿಯಲ್ಲಿ ತಂಗಬಾರದು ಎಂಬುದು ನಮ್ಮ ನಿಯಮ. ಚಾಲಕ ದಣಿದಿದ್ದ, ಮನೆ ಹತ್ತಿರವಿತ್ತು. ಬೆಳಗ್ಗೆ ಬೇಗ ಹೊರಡೋಣ ಎಂದು ನಾನೇ ಹೇಳಿದೆ.

ಬಾಗಿಲು ತೆರೆದ ಅಪ್ಪ ಪೆಟ್ಟಿಗೆ ನೋಡಿ, “ಪ್ರತಿ ಸಲ ಲಾಸಲಗಾಂವದ ಉಳ್ಳಾಗಡ್ಡಿ ತರ್ತಿದ್ದಿ. ಈ ಸಲ ಸಮುದ್ರಾನೇ ಹೊತ್ಕೊಂಡು ಬಂದೀಯಲ್ಲವ್ವಾ” ಅಂದರು. ಅವ್ವ ಮೂಗು ಮುಚ್ಚಿಕೊಂಡು, ದೇವರ ಮನೆಯಿಂದ ದೂರ ಇಡು ಎಂದು ಗ್ಯಾಲರಿ ತೋರಿಸಿದಳು. ಅಲ್ಲಿ ಕುಂಡದಲ್ಲಿ ಅವಳ ಬಿಲ್ವದ ಗಿಡವಿತ್ತು. ನಿತ್ಯದ ಪೂಜೆಗೆ ಎಲೆ ಅದರದೇ. ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ಇಟ್ಟು, ಗಾಳಿ ಊದುವ ಸಣ್ಣ ಯಂತ್ರ ಹಚ್ಚಿ, ಮುಟ್ಟಬೇಡಿ ಎಂದೆ.

ಊಟಕ್ಕೆ ಕುಳಿತಾಗ ಅವ್ವ ಕೇಳಿದಳು, “ಅವಕ್ಕ ಏನ್ ಮಾಡ್ತಿ?”

ಪರೀಕ್ಷೆ ಮಾಡುತ್ತೇವೆ ಎಂದೆ.

“ಪರೀಕ್ಷಾ ಆದಮ್ಯಾಲ?”

ರೊಟ್ಟಿ ಮುರಿಯುತ್ತ, “ತಿರುಗಿ ಅವುಗಳ ಊರಿಗೆ ಬಿಟ್ಟು ಬರ್ತೀವಿ” ಎಂದೆ. ಅಷ್ಟು ಸಲೀಸಾಗಿ ಬಂತು ಮಾತು. ಅವ್ವನ ಮುಖ ಸಡಿಲಾಯಿತು. ಹಾಗಾದರೆ ಅವು ನಮ್ಮ ಮನೆಗೆ ಬಂದ ಬೀಗರೇ ಸರಿ ಎಂದು ಅಪ್ಪ ಚೇಷ್ಟೆ ಮಾಡಿದರು. ಅವ್ವ ಮಾತ್ರ ನಗಲಿಲ್ಲ. ಈಗ ಯೋಚಿಸಿದರೆ, ಅವಳು ಆ ಮಾತನ್ನು ಇದ್ದ ಹಾಗೆಯೇ ತೆಗೆದುಕೊಂಡಳು.

ಬೆಳಗ್ಗೆ ನಾನು ಏಳುವ ಮೊದಲೇ ಅವ್ವನ ಸ್ನಾನ, ಪೂಜೆ ಮುಗಿದಿತ್ತು. ಚಹಾ ಕೊಡುತ್ತ ಅವಳೇ ಹೇಳಿದಳು. ಬಿಲ್ವ ಕೀಳಲು ಗ್ಯಾಲರಿಗೆ ಹೋದಾಗ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದ್ದಳು. “ಪಾಪ, ಎಲ್ಲಾ ನಾಲಿಗಿ ಹೊರಗ ಚಾಚಿ ಕುಂತಿದ್ವು. ಎಷ್ಟು ನೀರಡಿಸಿದ್ವೋ ಏನೋ. ಆ ರಾಡಿ ನೀರು ಚೆಲ್ಲಿ ತೀರ್ಥ ಹಾಕೀನಿ. ಈಗ ನೋಡು, ಬಾಯಿ ಮುಚ್ಕೊಂಡು ಹ್ಯಾಂಗ ಶಾಂತ ಮಲಗ್ಯಾವ.”

ಎದ್ದು ಹೋಗಿ ನೋಡಿದೆ. ನೀರು ತಿಳಿಯಾಗಿತ್ತು. ಚಿಪ್ಪುಗಳೆಲ್ಲ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಅವ್ವ ನಾಲಿಗೆ ಎಂದುಕೊಂಡದ್ದು ಅವು ನೀರು ಎಳೆದುಕೊಳ್ಳಲು ಹೊರಚಾಚುವ ನಳಿಗೆ. ಚಾಚಿದ್ದವು ಎಂದರೆ ಹಾಯಾಗಿದ್ದವು. ಹೊರಗಿನ ನೀರು ತಮಗೆ ಆಗದ್ದು ಎಂದಾಗ ಅವು ಹೀಗೆ ಬಾಯಿ ಬಿಗಿಯುತ್ತವೆ. ಪಂಚವಟಿಯಿಂದ ಸೋಮವಾರ ಸೋಮವಾರ ತಂದ ಗೋದಾವರಿಯ ನೀರನ್ನು ಅವ್ವ ತಾಮ್ರದ ಕೊಡದಲ್ಲಿ ತುಂಬಿ ಇಡುತ್ತಾಳೆ. ಆ ಕೊಡ ಬಿಲ್ವದ ಕುಂಡದ ಹತ್ತಿರ ಬರಿದಾಗಿ ಕುಳಿತಿತ್ತು. ಕುಂಡದ ಮಣ್ಣು ಒದ್ದೆಯಾಗಿತ್ತು. ಖಾಡಿಯ ನೀರನ್ನು ಅವಳು ವ್ಯರ್ಥ ಮಾಡದೆ ಗಿಡಕ್ಕೆ ಹಾಕಿದ್ದಳು.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಚಲೋ ಮಾಡ್ದಿ” ಎಂದೆ.

ದಾರಿಯುದ್ದಕ್ಕೂ ಪೆಟ್ಟಿಗೆ ನನ್ನ ಕಾಲ ಬಳಿ ಇತ್ತು. ಯೇವಲಾದಲ್ಲಿ ಕಾರು ನಿಲ್ಲಿಸಿ, ಪೈಠಣಿ ಸೀರೆಯ ಅಂಗಡಿಗಳ ಸಾಲಿನ ಕೊನೆಯ ಕಿರಾಣಿಯಲ್ಲಿ ಕಲ್ಲುಪ್ಪು ಕೊಂಡು, ರಸ್ತೆ ಬದಿಯಲ್ಲಿ ಕುಳಿತು ನೀರಿಗೆ ಸ್ವಲ್ಪ ಸ್ವಲ್ಪವೇ ಕರಗಿಸಿದೆ. ಉಪ್ಪಿನಂಶ ಅಳೆಯುವ ನಳಿಗೆ ಬ್ಯಾಗಿನಲ್ಲಿತ್ತು. ಮಳೆಗಾಲದಲ್ಲಿ ಖಾಡಿಯ ನೀರೂ ಸಪ್ಪೆಯಾಗುತ್ತದೆ, ಈ ಜೀವಿಗಳು ಅದನ್ನು ತಾಳುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಲ್ಲಿ ಅದು ಮೆಲ್ಲಗೆ ಆಗುತ್ತದೆ. ಅಲ್ಲಿ ತಾಮ್ರದ ಕೊಡವೂ ಇರುವುದಿಲ್ಲ. ನೀರಿನಲ್ಲಿ ಕರಗಿದ ಚೂರು ತಾಮ್ರ ಚಿಪ್ಪಿನ ಜೀವಿಗೆ ಏನು ಮಾಡುತ್ತದೆ ಎಂದು ನಾನು ತರಗತಿಗಳಲ್ಲಿ ಪಾಠ ಹೇಳಿದವಳು.

ಸಂಭಾಜಿನಗರ ಮುಟ್ಟಿದ ಸಂಜೆ ಕೆಲವು ಬಾಯಿ ತೆರೆದವು. ಬದುಕಿದವು ಎಂದುಕೊಂಡೆ. ಕಡ್ಡಿಯಿಂದ ಮುಟ್ಟಿದರೆ ಮತ್ತೆ ಮುಚ್ಚಬೇಕು; ಮುಚ್ಚಲಿಲ್ಲ. ಮರುದಿನದ ಹೊತ್ತಿಗೆ ಎರಡೂ ಚೀಲದವು ಹಾಗೆಯೇ ಬಾಯಿ ತೆರೆದುಕೊಂಡಿದ್ದವು. ಯಾವ ದಂಡೆಯವು ಗಟ್ಟಿ, ಯಾವುವು ಕುಗ್ಗಿದ್ದವು ಎಂದು ಹೇಳಲು ಏನೂ ಉಳಿಯಲಿಲ್ಲ.

ನಮ್ಮ ವಿಭಾಗದ ಹಿರಿಯ ಸರ್‌ಗೆ ನಡೆದದ್ದನ್ನು ಹೇಳಿದೆ. ಅವರು ಮರಾಠಿಯವರು, ಮೆತ್ತಗಿನ ಮನುಷ್ಯ. ತೀರ್ಥದ ಮಾತು ಬಂದಾಗ ನಕ್ಕರು, ನಿಮ್ಮ ಚಿಪ್ಪುಗಳಿಗೆ ಮೋಕ್ಷ ಸಿಕ್ಕಿತು ಎಂದರು. ಆಮೇಲೆ, ಮಾಂಸವನ್ನಾದರೂ ಲೋಹದ ಪರೀಕ್ಷೆಗೆ ಕೊಡೋಣ, ಆ ಹೆಂಗಸಿಗೆ ಅಷ್ಟಾದರೂ ಹೇಳಬಹುದು ಎಂದರು. ಕೊಡ ತಾಮ್ರದ್ದು, ಆ ತಾಮ್ರ ಮಾಂಸಕ್ಕೂ ಸೇರಿರುತ್ತದೆ ಎಂದು ಆಗ ಹೇಳಬೇಕಾಯಿತು. ಅವರ ನಗು ನಿಂತಿತು. ವರದಿಯಲ್ಲಿ ‘ಸಾಗಣೆಯಲ್ಲಿ ಮಾದರಿ ನಷ್ಟ’ ಎಂದು ಬರೆಯಿರಿ, ಇನ್ನು ಮಳೆ ಕಳೆದ ಮೇಲೆಯೇ ಎಂದು ಹೇಳಿ ಕೈ ತೊಳೆಯಲು ಎದ್ದು ಹೋದರು.

ಖಾಡಿಯ ಹೆಂಗಸಿಗೆ ಫೋನ್ ಮಾಡುವುದನ್ನು ಮಧ್ಯಾಹ್ನದವರೆಗೆ ಮುಂದೂಡಿದೆ. ಚಿಪ್ಪುಗಳು ಸತ್ತವು ಎಂದ ಕೂಡಲೇ ಅವಳು ಕೇಳಿದ್ದು ಒಂದೇ ಮಾತು. ನಿಮ್ಮ ಕೈಯಲ್ಲಿ ಸತ್ತವೋ, ನಮ್ಮ ಕೆಸರಿನಿಂದ ಸತ್ತವೋ?

ಅವಳು ಯಾಕೆ ಹಾಗೆ ಕೇಳಿದಳು ಎಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಹೋದ ಚಿಪ್ಪು ಸತ್ತಿತು ಎಂಬ ಸುದ್ದಿ ಸಂತೆಗೆ ಮುಟ್ಟಿದರೆ, ಆಚೆ ದಂಡೆಯದನ್ನೂ ಯಾರೂ ಕೊಳ್ಳುವುದಿಲ್ಲ. ನಮ್ಮ ಕೈಯಲ್ಲಿ ಎಂದೆ. ಸಿಹಿನೀರು ಬಿದ್ದಿತು ಎಂದೆ. ಯಾರು ಹಾಕಿದರು ಎಂದಳು.

“ನಾನೇ” ಎಂದೆ.

ಇಷ್ಟು ಓದಿದವರು ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟಳು. ಹಾಗಾದರೆ ಆ ದಂಡೆಗೆ ಇಳಿಯಲೋ ಬೇಡವೋ ಎಂದು ಕೇಳಿದಳು. ನಮ್ಮ ವೃತ್ತಿ ಕಲಿಸಿದ ಉತ್ತರವನ್ನು ಕೊಟ್ಟೆ: ಈಗ ಏನೂ ಹೇಳಲು ಬರುವುದಿಲ್ಲ.

ಅವ್ವನ ಫೋನ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಅವಳ ಬಾಯಲ್ಲಿ ಸಂಭಾಜಿನಗರ ಈಗಲೂ ಹಳೆಯ ಔರಂಗಾಬಾದೇ. ಔರಂಗಾಬಾದಿನಲ್ಲಿ ಬಿಸಿಲು ಹೇಗಿದೆ, ಊಟ ಆಯಿತೇ ಎಂದಾದ ಮೇಲೆ, “ಅವು ಹ್ಯಾಂಗ ಅವ?” ಚಲೋ ಇವೆ ಎಂದೆ. ಮುಂದಿನ ಸಲ, ಅವುಗಳ ಊರಿಗೆ ಹೋದವು ಎಂದೆ. ಆ ಮಾತು ಹೇಳುವಾಗ ನನ್ನ ಮುಂದಿನ ಮೇಜಿನ ಮೇಲೆ ಬೇರೊಂದು ಖಾಡಿಯ ಡಬ್ಬಿ ತೆರೆದಿತ್ತು, ತಟ್ಟೆಯಲ್ಲಿ ಗುಲಾಬಿ ಬಣ್ಣದ ಹುಳುಗಳಿದ್ದವು. ಚಿಮುಟ ಕೈಯಲ್ಲೇ ಇತ್ತು.

ಮಳೆ ಇನ್ನೂ ಹಿಡಿದಿರಲಿಲ್ಲ, ನಾಸಿಕಕ್ಕೆ ಹೋದೆ. ಅವ್ವ ನನ್ನನ್ನು ನೇರ ಗ್ಯಾಲರಿಗೆ ಕರೆದಳು. ಬಿಲ್ವದ ಎಲೆಗಳ ಅಂಚು ಸುಟ್ಟಂತಾಗಿ, ಬುಡದಲ್ಲಿ ಎಲೆ ಉದುರಿತ್ತು. ಮಣ್ಣಿನ ಮೇಲೆ ತೆಳ್ಳನೆ ಬಿಳಿ ಪೊರೆ. ಗಿಡಕ್ಕೆ ರೋಗ ಎಂದುಕೊಂಡು ಮೊದಲು ಬೇವಿನೆಣ್ಣೆ ಹೊಡೆದಿದ್ದಳಂತೆ. ಆಮೇಲೆ ಆ ಬಿಳಿ ಏನೆಂದು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿಕೊಂಡಿದ್ದಳು.

“ಉಪ್ಪು” ಅಂದಳು. “ಉಪ್ಪಿನಾಗ ಹುಟ್ಟಿದವು ಅವು. ನಾ ಸಿಹಿನೀರು ಹಾಕ್ದೆ. ಸತ್ತವಲ್ಲ?”

“ಹೂಂ.”

“ಅವತ್ತೇ?”

ಮರುದಿನ ಎಂದೆ. ಅವಳು ಕುಂಡದ ಪಕ್ಕ ನೆಲದ ಮೇಲೆಯೇ ಕುಳಿತಳು. ಅವಳ ಕೈ ತಾನಾಗಿ ಕೊರಳ ಲಿಂಗದ ಕರಡಿಗೆಗೆ ಹೋಯಿತು. ಅವಳ ಭಾರ ಇಳಿಸಲು ನನ್ನಲ್ಲಿದ್ದದ್ದು ಒಂದೇ ಮಾತು, ಅದು ನನ್ನ ಸುಳ್ಳನ್ನು ಹೊರಗೆ ಹಾಕುವ ಮಾತು. ಹೇಳಿದೆ. ನೀನು ನೀರು ಹಾಕದಿದ್ದರೂ ಅವು ಉಳಿಯುತ್ತಿರಲಿಲ್ಲ, ಪರೀಕ್ಷೆ ಆದ ಮೇಲೆ ನಾವೇ ಕೊಲ್ಲುವವರಿದ್ದೆವು. ಇಷ್ಟು ವರ್ಷ ನಾನು ಮಾಡಿರುವುದು ಅದನ್ನೇ.

ಅವ್ವ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ತುಸು ಹೊತ್ತು ಉದುರಿದ ಎಲೆಗಳನ್ನು ಒಟ್ಟು ಮಾಡಿದಳು. “ಮೊದ್ಲೇ ಹೇಳಿದ್ರ ನಾ ಮುಚ್ಚಳಾನೇ ತೆಗೀತಿದ್ದಿಲ್ಲ. ತಿರುಗಿ ಮನಿಗೆ ಹೋಗೋವು ಅಂತ ನೀರು ಕೊಟ್ಟೆ” ಅಂದಳು. ನನ್ನ ಒಂದು ಮಾತು ಸುಳ್ಳಾಗಿರದಿದ್ದರೆ ಅವಳ ದಯೆಗೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ.

ಪರೀಕ್ಷೆ ಯಾರಿಗಾಗಿ ಇತ್ತು ಎಂದು ಕೇಳಿದಳು. ಖಾಡಿಯ ಹೆಂಗಸಿನ ವಿಷಯ ಹೇಳಿದೆ. ದಂಡೆ, ದೋಣಿ, ನಾನು ಕೊಟ್ಟ ಮಾತು, ನೀರು ಹಾಕಿದವಳು ನಾನೇ ಎಂದದ್ದು ಎಲ್ಲ. ಅದನ್ನು ಕೇಳಿದಾಗ ಮಾತ್ರ ಅವ್ವನಿಗೆ ಸಿಟ್ಟು ಬಂತು.

“ನಾ ಮಾಡಿದ್ದು ನೀ ಯಾಕ ಹೊತ್ಕೋತಿ? ಫೋನ್ ಹಚ್ಚು.”

ಬೇಡ ಎಂದೆ. ಅವಳು ಕೈ ಚಾಚಿಯೇ ಕುಳಿತಳು. ಹಚ್ಚಿ ಕೊಟ್ಟೆ. ಇಷ್ಟು ವರ್ಷ ನಾಸಿಕದ ಕಾಯಿಪಲ್ಯೆಯವರ ಜೊತೆ ಚೌಕಾಸಿ ಮಾಡಿ ಕಲಿತ ಮರಾಠಿ ಅವಳದು, ಬೀದರದ ರಾಗ ಹಾಗೇ ಉಳಿದಿದೆ. “ಪಾಣೀ ಮೀಚ್ ಘಾತಲಂ, ಬಾಯಿ” ಅಂದಳು. ನೀರು ಹಾಕಿದವಳು ನಾನೇ, ತಾಯಿ. ಅವಕ್ಕೆ ನೀರಡಿಕೆ ಆಗಿದೆ ಎಂದು ತಿಳಿದೆ, ಮಗಳ ತಪ್ಪಿಲ್ಲ, ಸಮುದ್ರ ನಾನು ನೋಡಿದವಳಲ್ಲ ಎಂದಳು. ಆಮೇಲೆ ಬಹಳ ಹೊತ್ತು ಕೇಳಿದಳು. ಆ ಕಡೆಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ನಡುವೆ ಒಮ್ಮೆ ಅವ್ವ ಸಣ್ಣಗೆ ನಕ್ಕಳು, ಮತ್ತೆ ಮುಖ ಗಂಭೀರವಾಯಿತು.

ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. “ದೋಣಿ ಸಿಗೂದಿಲ್ಲಂತ. ಹೋದ ವಾರದಿಂದ ಆ ದಂಡಿಗೇ ಇಳೀಲತ್ತಾಳಂತ. ಮಾರ್ಲತ್ತಾಳ, ಮನ್ಯಾಗ ಮಕ್ಕಳಿಗಿನ್ನೂ ಕೊಟ್ಟಿಲ್ಲಂತ. ಕೊಡ್ಲೇನು ಅಂತ ಕೇಳ್ಲತ್ತಾಳ.”

ಫೋನ್ ತೆಗೆದುಕೊಂಡೆ. ಏನೂ ಹೇಳಲು ಬರುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಇತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು, ಪೆಟ್ಟಿಗೆಗೆ ತೀರ್ಥ ಹಾಕಿದ ಬೆಳಗ್ಗೆ ನೋಡಿದ ಹಾಗೆ.

“ನನಗೆ ಗೊತ್ತಿಲ್ಲ” ಎಂದೆ ಮರಾಠಿಯಲ್ಲಿ. “ನಮ್ಮ ಮನೆಯ ಮಕ್ಕಳಾಗಿದ್ದರೆ ನಾನು ಕೊಡುತ್ತಿರಲಿಲ್ಲ.”

ಫೋನಿನ ಆಚೆಯಿಂದ ಅವಳು ಸರಿ ಎಂದಳು. ಹಾಗಾದರೆ ನನ್ನ ಹತ್ತಿರ ಕೊಂಡವರ ಮಕ್ಕಳಿಗೆ, ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಅವಳೇ, ನೀರು ಇಳಿಯುತ್ತಿದೆ, ಹೋಗಬೇಕು ಎಂದು ಫೋನ್ ಇಟ್ಟಳು.