ಗದ್ದ ಮುಟ್ಟಿಸುವ ಆದಿಲಕ್ಷ್ಮಮ್ಮ

ಸರಕಿನಂತೆ ತೂಗಿದರೆ ಆದಿಲಕ್ಷ್ಮಮ್ಮ ನಲವತ್ತು ಕೆ.ಜಿ. ದಾಟುವುದಿಲ್ಲ; ಬಾಯಿ ಸೇರಿಸಿದರೆ ಕ್ವಿಂಟಲ್. ಬೆರಳು ಮಾತ್ರ ಒಂದನೇ ದರ್ಜೆ. ಜಂಗಮಕೋಟೆಯಿಂದ ಬಂದು, ಶಿಡ್ಲಘಟ್ಟದ ನನ್ನ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಟ್ಟ ಗೂಡು ಆರಿಸುತ್ತಾಳೆ. ಒಳಗೆ ಹುಳು ಕೊಳೆತಿದ್ದರೆ ಮುಟ್ಟಿದ ಕೂಡಲೇ ಅವಳಿಗೆ ತಿಳಿಯುತ್ತದೆ. ಐಬು ಒಂದೇ: ಯಾರಾದರೂ ತಲೆನೋವು ಎಂದರೆ ಸಾಕು, ಕೆಲಸ ಬಿಟ್ಟು ಎದ್ದು ಬರುತ್ತಾಳೆ.

"ಜ್ವರ ಐತಾ? ಗದ್ದ ಎದೆಗೆ ಮುಟ್ಸು, ನೋಡಣ."

ಗೂಡು ಬೇಯುವ ಹಬೆ, ಆ ನಾತ. ನಮ್ಮಲ್ಲಿ ತಲೆನೋವಿಲ್ಲದ ದಿನವಿಲ್ಲ. ಒಂದು ಟೀ ಕುಡಿದರೆ ಹೋಗುತ್ತದೆ. ಹಾಗಾಗಿ ದಿನಕ್ಕೆ ನಾಲ್ಕು ಸಲ ಯಾರೋ ಒಬ್ಬರು ಅವಳ ಮುಂದೆ ತಲೆ ಬಗ್ಗಿಸಿ ನಿಂತಿರುತ್ತಿದ್ದರು.

"ಆಶೀರ್ವಾದ ಮಾಡ್ತಾವ್ಳೆ, ದಕ್ಷಿಣೆ ಹಾಕ್ರಪ್ಪಾ!" ಎಂದು ನಾನೇ ಎಲ್ಲರನ್ನೂ ನಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಗದ್ದ ಎದೆಗೆ ತಾಗುವವರೆಗೂ ಅವರ ಕತ್ತನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಕತ್ತು ಎಂಬಂತೆ.

ಹೋದ ಶಿವರಾತ್ರಿ ಹೊತ್ತಿಗೆ ನನಗೇ ಎರಡು ದಿನ ಜ್ವರ, ಸಿಡಿಯುವಂಥ ತಲೆನೋವು. ಬೆಳಕು ಕಂಡರೆ ವಾಂತಿ. ಹಬೆಯದೇ ಇರಬೇಕೆಂದು ಮಾತ್ರೆ ನುಂಗಿ ಶೆಡ್ಡಿಗೆ ಬಂದೆ.

"ಅಣ್ಣಾ, ಗದ್ದ ಮುಟ್ಸಿ."

"ನಿನ್ ಫೀಸೆಷ್ಟು ಡಾಕ್ಟ್ರಮ್ಮಾ?" ಎನ್ನುತ್ತ ತಲೆ ಬಗ್ಗಿಸಹೋದೆ. ಕತ್ತು ಮರದ ದಿಮ್ಮಿಯಾಗಿತ್ತು. ನಾಟಕ ಆಡುತ್ತಿದ್ದೇನೆಂದು ಹೆಂಗಸರು ಕಿಸಕ್ಕೆಂದರು.

"ಯಾಕ್ರೇ ನಗ್ತೀರಾ? ಆಟೋ ಕರೀರೇ!" ಆದಿಲಕ್ಷ್ಮಮ್ಮ ಕಿರುಚಿದಳು.

"ಸಂಜೆ ಹೋಗ್ತೀನಿ ಬಿಡಮ್ಮ. ಗೂಡು ಬೇಯ್ತಾ ಐತೆ."

"ಗೂಡಿಗೆ ಬೆಂಕಿ ಬೀಳ್ಲಿ. ಏಳಿ ಮೇಲೆ."

ಚಿಕ್ಕಬಳ್ಳಾಪುರದ ಆಸ್ಪತ್ರೆಯವರೆಗೂ, ಆಟೋ ಎತ್ತಿಹಾಕಿದಾಗಲೆಲ್ಲ, ನನ್ನ ಕತ್ತನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ದಾರಿಯಲ್ಲಿ ಒಂದೇ ಸಲ ಮಾತಾಡಿದಳು, ರಸ್ತೆಯನ್ನು ನೋಡುತ್ತ.

"ನನ್ ಮಗಳು ತನುಜಂಗೂ ಹಿಂಗೇ ಜ್ವರ. ತಲೆ ನೋಯ್ತೈತೆ ಅಂದ್ಲು. ಸ್ಕೂಲ್ಗೆ ಚಕ್ಕರ್ ಹಾಕಕ್ಕೆ ಅಂದ್ಕೊಂಡೆ. ಜಡೆ ಹಾಕ್ಬೇಕು, ತಲೆ ಬಗ್ಸೇ ಅಂದ್ರೆ, ಆಗಲ್ಲಮ್ಮ ಅಂತಾಳೆ. ಮೊಂಡಾಟ ಅಂತ ಬಾಚಣಿಗೇಲಿ ಕತ್ತಿನ್ ಮ್ಯಾಲೆ ಒಂದ್ ಕೊಟ್ಟೆ ಅಣ್ಣಾ. ಜಡೆ ಹಾಕಿ ಕಳ್ಸ್ದೆ. ಸ್ಕೂಲಲ್ಲೇ ಬಿದ್ಲು. ಮಾರ್ನೇ ದಿನ ಅದೇ ಜಡೇಲಿ ಮಣ್ಣು ಮಾಡಿದ್ವಿ."

ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದ ಡಾಕ್ಟರು, ಮಿದುಳಿನ ಪೊರೆಗೆ ಸೋಂಕು ಎಂದರು. ಜ್ವರ, ತಲೆನೋವಿನ ಜೊತೆ ಕತ್ತು ಬಿಗಿದರೆ ಒಂದು ಗಂಟೆಯೂ ಕಾಯಬಾರದಂತೆ. ಸಂಜೆಗೆ ಬಂದಿದ್ದರೆ ತಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದರು.

ಹದಿನಾಲ್ಕು ದಿನ ಮಲಗಿ ಎದ್ದು ಬಂದೆ. ಈಗಲೂ ಒಬ್ಬನೇ ಕೂತಾಗ ಕತ್ತಿನ ಹಿಂದೆ ಆ ಅಂಗೈ ತಾಗಿದಂತಾಗುತ್ತದೆ. ಅದು ಹಿಡಿದಿದ್ದು ನನ್ನ ಕತ್ತನ್ನಲ್ಲ ಎಂಬುದೂ ಗೊತ್ತು.

ನನ್ನ ಜೀವ ಆದಿಲಕ್ಷ್ಮಮ್ಮನ ಋಣ. ಅಷ್ಟು ವರ್ಷ ನಕ್ಕಿದ್ದಕ್ಕೆ ಅವಳಲ್ಲಿ ಕ್ಷಮೆ ಕೇಳುವುದೂ ಬಾಕಿಯಿದೆ.