ಫೈನಲ್ ದಿನದ ಮೊಣಕಾಲು

ಮೊದಲ ವರ್ಷ ಆ ಕಂದು ಬಣ್ಣದ ಕ್ರೇಪ್ ಬ್ಯಾಂಡೇಜು ಅವರ ಬಲ ಮೊಣಕಾಲಿಗಿತ್ತು. ಎರಡನೆಯ ವರ್ಷವೂ ಬಲಕ್ಕೇ. ಮೂರನೆಯ ವರ್ಷ ಅದು ಎಡ ಮೊಣಕಾಲಿಗೆ ಬಂದು ಕೂತಿತ್ತು, ಆದರೆ ಮನುಷ್ಯ ಕುಂಟುತ್ತಿದ್ದದ್ದು ಮಾತ್ರ ಹಳೆಯ ರೂಢಿಯಂತೆ ಬಲಗಾಲಲ್ಲಿ. ಸ್ಕೋರ್ ಬರೆಯುವವಳ ಕಣ್ಣು ಚೆಂಡಿನ ಮೇಲಿರಬೇಕು, ನಿಜ. ನನ್ನದು ನಮ್ಮಜ್ಜಿಯ ಕಣ್ಣು. ಮದುವೆಮನೆಯಲ್ಲಿ ಯಾರು ಎರಡನೇ ಪಂಕ್ತಿಗೂ ಕೂತರು ಎಂದು ಗುರುತಿಡುವಂಥದು. ನನಗೆ ಕಂಡೇ ಕಂಡಿತು.

ಅವರು ನಮ್ಮ ಸೆಂಟರ್‌ವಿಲ್ ವಾಲಿಬಾಲ್ ತಂಡದ ಕ್ಯಾಪ್ಟನ್. ತೊಂಬತ್ತರ ದಶಕದಲ್ಲಿ ಪ್ರತಿ ಜುಲೈನಲ್ಲೂ ಅಮೆರಿಕದ ವರ್ಜೀನಿಯಾ, ಕೆರೊಲಿನಾ, ಜಾರ್ಜಿಯಾ ಕಡೆಯ ಕನ್ನಡದವರೆಲ್ಲ ಒಂದು ಪಾರ್ಕಿನಲ್ಲಿ ಸೇರುತ್ತಿದ್ದೆವು. ಹೆಸರಿಗೆ ಪಿಕ್ನಿಕ್. ಪುಳಿಯೋಗರೆ, ಮೊಸರನ್ನ, ಬಿಸಿಲು, ಅದರ ನಡುವೆ ಎರಡು ದಿನದ ವಾಲಿಬಾಲ್ ಯುದ್ಧ. ಕ್ಯಾಪ್ಟನ್ ಮೈಸೂರಿನವರು, ಕಾಲೇಜಿಗೆ ಆಡಿದವರು. ಸರ್ವೀಸ್ ಮಾಡುವ ಮುಂಚೆ ಚೆಂಡನ್ನು ಎರಡು ಸಲ ನೆಲಕ್ಕೆ ತಟ್ಟಿ "ಬಾರಮ್ಮ" ಎನ್ನುತ್ತಿದ್ದರು, ಮನೆಗೆ ಬಂದ ಮುತ್ತೈದೆಯನ್ನು ಕರೆದ ಹಾಗೆ. ಟೆನಿಸ್ ಬಾಲಿನ ಖಾಲಿ ಡಬ್ಬಿಯ ತುಂಬ ಕೋಡುಬಳೆ ತರುತ್ತಿದ್ದರು. ಗೆದ್ದ ಪಾಯಿಂಟಿಗೊಂದು ಕೋಡುಬಳೆ. ಕೈಬಿಟ್ಟ ಪಾಯಿಂಟಿಗೆ ಬೈಗುಳವಿಲ್ಲ, "ನೆಲಕ್ಕೆ ಹಸಿವಾಗಿತ್ತು, ಬಿಡ್ರೋ" ಅಷ್ಟೇ. ಭಾನುವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆಲ್ಲ ಆಟ ಕಲಿಸುತ್ತಿದ್ದರು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ಆ ಮಕ್ಕಳು ಕೂಡ ಚೆಂಡಿಗೆ ಮಾತ್ರ "ಬಾರಮ್ಮ" ಎನ್ನಲು ಕಲಿತಿದ್ದವು.

ಇಂಥವರು ಸೆಮಿಫೈನಲ್ ತನಕ ಹುಲಿ. ಫೈನಲ್ ಬಂತೆಂದರೆ ಮೊಣಕಾಲು ನೋವು. ತಂಡ ಅವರಿಲ್ಲದೆ ಆಡುತ್ತಿತ್ತು, ಸೋಲುತ್ತಿತ್ತು.

ಈಗ ನಮ್ಮಲ್ಲಿದ್ದ ಪದ್ಧತಿಯೊಂದನ್ನು ಹೇಳಬೇಕು. ಗೆದ್ದ ಕ್ಯಾಪ್ಟನ್ನನ್ನು ಹೆಂಡತಿಯ ಸಮೇತ ವೇದಿಕೆಗೆ ಕರೆದು, ಇಬ್ಬರಿಗೂ ಒಂದೊಂದು ರೇಷ್ಮೆ ಶಾಲು ಹೊದಿಸಿ, ಫಲತಾಂಬೂಲ ಕೊಡುವುದು. ಟ್ರೋಫಿ ಕೊಡಿಸುತ್ತಿದ್ದವರು ನಮ್ಮವರಲ್ಲೇ ಒಬ್ಬ ಹಿರಿಯರು, ಊರಿಗೆಲ್ಲ 'ಯಜಮಾನರು'. ಕಂಪ್ಯೂಟರ್ ಕನ್ಸಲ್ಟಿಂಗ್ ಕಂಪನಿ ಇಟ್ಟಿದ್ದವರು. ಮೈಕೂ ಅವರದೇ. ಶಾಲುಗಳನ್ನು ಪ್ರತಿ ವರ್ಷ ಮೈಸೂರಿಗೆ ಹೋದಾಗ ಅವರೇ ಆರಿಸಿ ತರುತ್ತಿದ್ದರು. "ಅನ್ನ ಹಾಕಿ ಕಳಿಸಿದವಳದೂ ಗೆಲುವೇ ಕಣ್ರೀ" ಎನ್ನುತ್ತಿದ್ದರು. ಒಳ್ಳೆಯ ಮಾತೇ. ಆದರೆ ಬ್ರಹ್ಮಚಾರಿ ಗೆದ್ದರೆ ಅವನ ಗತಿ ಕೇಳಬೇಡಿ. ಜಾರ್ಜಿಯಾದ ಸುವಾನಿ ತಂಡದ ಹುಡುಗನೊಬ್ಬನನ್ನು ಅರ್ಧ ಗಂಟೆ ವೇದಿಕೆಯ ಮೇಲೆ ನಿಲ್ಲಿಸಿ, ಎಲ್ಲ ಆಂಟಿಯರಿಂದ ಹೆಣ್ಣುಗಳ ಹೆಸರು ಕೂಗಿಸಿದ್ದರು. ದೀಪಾವಳಿಯ ಹೊತ್ತಿಗೆ ಅವನ ಮದುವೆ ಆಗಿಹೋಗಿತ್ತು.

ಮೂರನೆಯ ವರ್ಷ ನಾನೂ ಆ ಪಾಪದಲ್ಲಿ ಕೈ ಹಾಕಿದೆ. ನಮ್ಮ ಬ್ರಹ್ಮಚಾರಿ ಕ್ಯಾಪ್ಟನ್‌ಗೆಂದು ಹೆಣ್ಣೊಂದನ್ನು ಗೊತ್ತುಮಾಡಿ, ಅವಳ ಚಿಕ್ಕಮ್ಮನ ಜೊತೆ ಫೈನಲ್‌ಗೆ ಕರೆಸಿ, ವೇದಿಕೆಯ ಹತ್ತಿರ ಕುರ್ಚಿ ಹಿಡಿದು ಕೂರಿಸಿದ್ದೆ. ಕ್ಯಾಪ್ಟನ್ ಆ ಕುರ್ಚಿ ನೋಡಿದರು, ನನ್ನನ್ನು ನೋಡಿದರು, ಬ್ಯಾಂಡೇಜು ಹುಡುಕಿಕೊಂಡು ಹೊರಟರು. ನಾನು ವ್ಯಾನಿನ ಹಿಂದೆ ಹೋಗಿ ಹಿಡಿದೆ.

"ರೀ ಕ್ಯಾಪ್ಟನ್, ನೋವು ಯಾವ ಕಾಲಲ್ಲಿ? ಡಿಸೈಡ್ ಮಾಡಿ ಹೇಳಿ, ಐಸ್ ಎಲ್ಲಿಗಿಡ್ಲಿ?"

ಅವರು ಕಾಲು ನೋಡಿಕೊಂಡು ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಆ ಹುಡುಗೀನ ವಾಪಸ್ ಕಳಿಸಿಬಿಡಿ ಅಕ್ಕಾ. ಪಾಪ."

"ಯಾಕೆ? ಎಂ.ಎಸ್. ಮಾಡಿದಾಳೆ, ವೀಣೆ ನುಡಿಸ್ತಾಳೆ. ಇನ್ನೇನು, ರಂಭೆ ಬರ್ಬೇಕಾ ನಿಮಗೆ?"

"ರಂಭೆ ಬಂದ್ರೂ ಬೇಡ. ನಾನು ಗೇ, ಅಕ್ಕಾ."

ಹುಟ್ಟಿದಾಗಿನಿಂದ ಮುಚ್ಚದ ನನ್ನ ಬಾಯಿಂದ ಹೊರಬಂದದ್ದು ಏನು ಗೊತ್ತೆ? "ಅಲ್ಲಾ, ಇಷ್ಟು ಜೋರಾಗಿ ಸ್ಮ್ಯಾಶ್ ಹೊಡೀತೀರಲ್ಲ!"

"ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತಿಗೂ ಆ ಮಾತು ನೆನೆದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

"ಹಾಗಿದ್ರೆ ಹೇಳಿಬಿಡಿ. ಯಾರೇನು ತಿಂದುಬಿಡ್ತಾರಾ?" ಎಂದೆ, ನನ್ನದೇನು ಹೋಗುತ್ತದೆ ಎಂಬ ಧೈರ್ಯದಲ್ಲಿ.

"ಮೈಕ್ ಹಿಡಿದಿದಾರಲ್ಲ, ಅವರ ಕಂಪನೀಲೇ ನಾನು ಕೆಲಸ ಮಾಡೋದು. ನನ್ನ ವೀಸಾ ಅವರ ಡ್ರಾಯರಲ್ಲಿದೆ. ಅವರು ಬಿಟ್ರೆ ನಾನು ಬ್ಯಾಗ್ ಪ್ಯಾಕ್ ಮಾಡ್ಬೇಕು. ಗೆದ್ದಾಗ ಈ ಹುಡುಗ್ರು ನನ್ನ ತಬ್ಬಿ ಎತ್ತಿ ಕುಣೀತಾರೆ. ಗೊತ್ತಾದ್ರೆ ದೂರದಿಂದ ಕೈ ಕುಲುಕ್ತಾರೆ. ಭಾನುವಾರ ಮಕ್ಕಳ ಮಣಿಕಟ್ಟು ಹಿಡಿದು ಸರ್ವೀಸ್ ಹೇಳಿಕೊಡ್ತೀನಲ್ಲ, ಆಮೇಲೆ ಮುಟ್ಟೋಕೆ ಬಿಡ್ತಾರಾ ಅಪ್ಪಂದಿರು?" ಎಂದು ಮರದ ಕಡೆ ಗಲ್ಲ ತೋರಿಸಿದರು. "ಅವನದು ಇನ್ನೂ ಕಷ್ಟ."

ಮರದ ಕೆಳಗೆ ಕೂಲರಿನ ಮೇಲೆ ಕೂತಿದ್ದವರು ಅವರ ಗೆಳೆಯ. ಕಪ್ಪು ಜನಾಂಗದ ಆಜಾನುಬಾಹು ಅಮೆರಿಕನ್ನರು. ಕೆರೊಲಿನಾದ ಏಪೆಕ್ಸ್ ಹತ್ತಿರದ ಶಾಲೆಯೊಂದರಲ್ಲಿ ಬಾಸ್ಕೆಟ್‌ಬಾಲ್ ಕೋಚ್. ಕೊರಳಲ್ಲಿ ಸದಾ ಸೀಟಿ. ಪ್ರತಿ ವರ್ಷ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಕೋಡುಬಳೆ ಕಡಿಯುತ್ತಾ ಕೂರುತ್ತಿದ್ದರು. ನಾವೆಲ್ಲ "ಕ್ಯಾಪ್ಟನ್‌ನ ಜಿಮ್ ಫ್ರೆಂಡು" ಎಂದುಕೊಂಡಿದ್ದೆವು.

"ಒಂದು ಮಾತು ಹೊರಬಿದ್ರೆ ನಾಳೆ ಬೆಳಿಗ್ಗೆ ಅವನ ಸ್ಕೂಲಿನ ಪೇರೆಂಟ್ಸ್ ಎಲ್ಲ ಪ್ರಿನ್ಸಿಪಾಲ್ ಆಫೀಸ್ ಮುಂದೆ ಇರ್ತಾರೆ. ಸುಳ್ಳು ಹೇಳಕ್ಕೆ ನನಗೆ ಬರಲ್ಲ ಅಕ್ಕಾ. ನಿಜ ಹೇಳಕ್ಕೆ ಇನ್ನೂ ಆಗಲ್ಲ. ಆ ಸ್ಟೇಜ್ ಹತ್ತಿದ್ರೆ ಎರಡರಲ್ಲಿ ಒಂದು ಹೇಳ್ಬೇಕು. ಅದಕ್ಕೇ ಮೊಣಕಾಲು."

ಹುಡುಗಿಗೆ ಏನೋ ನೆಪ ಹೇಳಿ ಕಳಿಸಿದೆ. ನಾಲ್ಕನೆಯ ವರ್ಷವೂ ಸೋತೆವು. ಸುವಾನಿಯವರು ಕೋರ್ಟಿನ ಆಚೆಯಿಂದ "ಫೈನಲ್ ಅಂದ್ರೆ ನಿಮ್ಮ ಕ್ಯಾಪ್ಟನ್‌ಗೆ ಹೊಟ್ಟೆ ಕೆಡುತ್ತೇನ್ರೋ?" ಎಂದು ಕೂಗಿದರು. ಕ್ಯಾಪ್ಟನ್ ಬೆಂಚಿನ ಮೇಲೆ ಕೂತು, ಬೇರೆಯವರು ಆಡುವ ಪ್ರತಿ ಚೆಂಡಿಗೂ ಭುಜ ಕುಣಿಸುತ್ತಿದ್ದರು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

ಆಮೇಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ, ಆಟದಲ್ಲಿ ಅಷ್ಟು ಗಂಡೆದೆಯವನಿಗೆ ಒಂದು ಮಾತು ಹೇಳಲು ಏನು ಹೆದರಿಕೆ ಎಂದು. ಕೇಳುವವರು ಯಾರೂ ಕೆಲಸ, ತಂಡ, ಮಕ್ಕಳು, ಪ್ರೀತಿಯ ಜೀವ ಇಷ್ಟನ್ನೂ ಒಂದೇ ಸರ್ವೀಸಿಗೆ ಒಡ್ಡಿದವರಲ್ಲ. ಹೇಳದಿದ್ದವನನ್ನು ಹೇಡಿ ಅನ್ನುವುದು ಸುಲಭ. ಅವನು ಹೇಳಲಾರದ ಹಾಗೆ ಸುತ್ತ ಕೂತು ಪುಳಿಯೋಗರೆ ತಿಂದವರು ನಾವು.

ಐದನೆಯ ವರ್ಷ ಫೈನಲ್‌ಗೆ ಕರೆದಾಗ ಅವರು ಬರಿಯ ಮೊಣಕಾಲಲ್ಲಿ ಕೋರ್ಟಿಗಿಳಿದರು. ನಾನು ಪೆನ್ಸಿಲು ಕೆಳಗಿಟ್ಟೆ.

"ಗ್ರೀನ್ ಕಾರ್ಡ್ ಬಂತಾ?" ಎಂದು ಪಿಸುಗುಟ್ಟಿದೆ.

"ಎಲ್ಲಿ ಬಂತು! ಮೂವತ್ತಾರಾಯ್ತು ಅಕ್ಕಾ. ಇನ್ನೂ ಕಾದ್ರೆ ಮೊಣಕಾಲು ನಿಜವಾಗ್ಲೂ ನೋಯೋಕೆ ಶುರುವಾಗುತ್ತೆ."

ಮೂರನೆಯ ಸೆಟ್, ಹದಿನೈದು-ಹದಿನಾಲ್ಕು, ಮುಂದಿದ್ದವರು ನಾವು. ಚೆಂಡು ಅವರಿಗಾಗಿ ಮೇಲೆದ್ದಿತು. ಎದುರಿನ ಮೂವರೂ ಸ್ಮ್ಯಾಶ್ ತಡೆಯಲು ಗೋಡೆಯ ಹಾಗೆ ಹಾರಿದರು. ಇವರು ಹೊಡೆಯಲೇ ಇಲ್ಲ. ಮಗುವಿನ ಕೆನ್ನೆ ಸವರಿದಂತೆ ಬೆರಳ ತುದಿಯಿಂದ ಅವರ ತಲೆಯ ಮೇಲೆ ದಾಟಿಸಿದರು. ಚೆಂಡು ಹುಲ್ಲಿನ ಮೇಲೆ ಮೆತ್ತಗೆ ಕೂತಿತು.

ವೇದಿಕೆ. ಯಜಮಾನರ ಕೈಯಲ್ಲಿ ಎರಡು ಶಾಲು, ಒಂದು ಹಸಿರು, ಒಂದು ಕುಂಕುಮದ ಬಣ್ಣದ್ದು. ಹಸಿರಿನದನ್ನು ಹೊದಿಸಿ ಮೈಕಿನಲ್ಲಿ ಶುರುಮಾಡಿದರು. "ಕೊನೆಗೂ ಸಿಕ್ಕಿಬಿದ್ರು ನಮ್ಮ ಬ್ರಹ್ಮಚಾರಿ! ಈ ಎರಡನೇದು ಯಾರಿಗೆ ಸ್ವಾಮಿ? ಹೇಳೋ ತನಕ ಕೆಳಗೆ ಬಿಡಲ್ಲ!" ಆಂಟಿಯರು ಆಗಲೇ ಹೆಸರು ಕೂಗತೊಡಗಿದ್ದರು.

ಕ್ಯಾಪ್ಟನ್ ಮೈಕು ಇಸಿದುಕೊಂಡರು. ಇನ್ನೊಂದು ಕೈಯಿಂದ ಆ ಕುಂಕುಮದ ಶಾಲನ್ನೂ.

"ಯಾರಿಗೆ ಅಂತ ನನಗೆ ಗೊತ್ತಿದೆ ಸರ್. ಅವರಿಗೂ ಗೊತ್ತಿದೆ. ನಿಮಗೆ ಹೇಳ್ಬೇಕು ಅಂತ ಅನ್ನಿಸಿದ ದಿನ ಹೇಳ್ತೀನಿ, ಅದು ನನ್ನ ಇಷ್ಟ. ಹೆಣ್ಣು ಹುಡುಕಬೇಡಿ, ನಾನು ಮದುವೆ ಆಗಲ್ಲ. ನಾಲ್ಕು ವರ್ಷ ಕಾದು ಆಡಿದೀನಿ. ಸುಮ್ನೆ ಚಪ್ಪಾಳೆ ಹೊಡೀರಿ."

ಒಬ್ಬರೂ ಹೊಡೆಯಲಿಲ್ಲ. ಆಗ ಮರದ ಕೆಳಗಿನಿಂದ ಒಂದು ಸೀಟಿ ಕೇಳಿತು. ಉದ್ದಕ್ಕೆ, ಕಿವಿ ತೂತು ಬೀಳುವ ಹಾಗೆ. ನಮ್ಮ ಆರು ಜನ ಆಟಗಾರರು ವೇದಿಕೆಗೆ ನುಗ್ಗಿ ಕ್ಯಾಪ್ಟನ್ನನ್ನು ತಬ್ಬಿ ಎತ್ತಿದರು. ಆಮೇಲೆ ಚಪ್ಪಾಳೆ ಬಿತ್ತು. ಎಲ್ಲರದೂ ಅಲ್ಲ.

ಅದರ ಬೆಲೆ ಅವರು ತೆತ್ತರು. ಮಾತು ಹಬ್ಬಿತು. ಭಾನುವಾರದ ಮಕ್ಕಳು ಅರ್ಧಕ್ಕರ್ಧ ಕಡಿಮೆಯಾದರು. ತಾಯಿಯೊಬ್ಬಳು ನನಗೆ ಫೋನ್ ಮಾಡಿ "ನೀವಿನ್ನೂ ಮಗಳನ್ನ ಕಳಿಸ್ತಿದೀರಾ?" ಎಂದಾಗ, "ಹೌದು, ಇನ್ಮೇಲೆ ಶನಿವಾರಾನೂ ಕಳಿಸ್ತೀನಿ" ಎಂದು ಇಟ್ಟೆ. ದಸರೆಯ ಹೊತ್ತಿಗೆ "ಪ್ರಾಜೆಕ್ಟ್ ಮುಗೀತು" ಎಂದು ಯಜಮಾನರು ಅವರನ್ನು ಕೆಲಸದಿಂದ ಬಿಟ್ಟರು. ಹದಿನೈದು ದಿನ ಹಗಲೆಲ್ಲ ಅಪ್ಲೈ ಮಾಡಿ, ಕೆರೊಲಿನಾದಲ್ಲಿ ಬೇರೆ ಕಂಪನಿ ಹಿಡಿದು, ವೀಸಾ ಅಲ್ಲಿಗೆ ಬದಲಾಯಿಸಿಕೊಂಡು ಏಪೆಕ್ಸಿಗೆ ಹೊರಟರು. ಕಾರಿನ ಕಿಟಕಿಯಿಂದ ಖಾಲಿ ಡಬ್ಬಿ ಕೊಟ್ಟು, "ಕೋಡುಬಳೆ ನೀವು ಮಾಡಿ ಇನ್ಮೇಲೆ" ಎಂದರು.

ಆ ಮಾತನ್ನು ಅವರು ಬಾಯಿಬಿಟ್ಟು ಎಲ್ಲರೆದುರು ಹೇಳುವ ದಿನ ಬರಲೇ ಇಲ್ಲ. ಗೆಳೆಯ ನಿವೃತ್ತರಾಗುವ ತನಕ ಎಂದು ಕಾದಿದ್ದರು. ಹೋದ ಚಳಿಗಾಲ ಎದೆ ಹಿಡಿದುಕೊಂಡು ಕುಸಿದ ಕ್ಯಾಪ್ಟನ್ ಮತ್ತೆ ಏಳಲಿಲ್ಲ.

ಹಳೆಯ ತಂಡದವರೆಲ್ಲ ಏಪೆಕ್ಸಿಗೆ ಹೋದೆವು. ಮುಪ್ಪಾದ ಯಜಮಾನರು ತಾವೂ ಬರುತ್ತೇನೆಂದು ನನ್ನ ಕಾರಿನಲ್ಲೇ ಬಂದರು. ಅಂತ್ಯಕ್ರಿಯೆಯ ಹಾಲಿನಲ್ಲಿ ದೇಹದ ತಲೆಯ ಬಳಿ, ಕರಿಯ ಸೂಟಿನ ಮೇಲೆ ಕುಂಕುಮದ ಬಣ್ಣದ ಶಾಲು ಹೊದ್ದು, ಬಿಳಿಗೂದಲಿನ ಆ ಆಜಾನುಬಾಹು ಕೋಚ್ ನಿಂತಿದ್ದರು.

ಯಜಮಾನರು ನನ್ನ ಕಿವಿಯಲ್ಲಿ "ಅವರು ಯಾರಮ್ಮ?" ಎಂದರು.

"ಅವರನ್ನೇ ಕೇಳಿ" ಎಂದೆ.

ಕೇಳುವುದು ಬೇಕಾಗಲಿಲ್ಲ. ಅವರೇ ಕೈಚಾಚಿ, ಕನ್ನಡದಲ್ಲೇ, ಒಂದೊಂದೇ ಅಕ್ಷರ ಹುಡುಕಿ ಇಟ್ಟಂತೆ ಹೇಳಿದರು: "ನಾನು ಅವರ ಮನೆಯವನು."

ಯಜಮಾನರು ತಾವೇ ಆರಿಸಿ ತಂದಿದ್ದ ಶಾಲಿನ ಅಂಚನ್ನೇ ನೋಡುತ್ತ ಬಹಳ ಹೊತ್ತು ಆ ಕೈ ಹಿಡಿದು ನಿಂತರು. ಅವರನ್ನು ನಾನು ಕ್ಷಮಿಸಿದೆನೆಂದು ಇದರ ಅರ್ಥವಲ್ಲ. ನನ್ನನ್ನೇ ಪೂರ್ತಿ ಕ್ಷಮಿಸಿಕೊಂಡಿಲ್ಲ. ಕುರ್ಚಿ ಹಿಡಿದು ಕೂರಿಸಿದವಳು ನಾನು.

ಈಗಲೂ ಜುಲೈನಲ್ಲಿ ಸ್ಕೋರ್ ನಾನೇ ಬರೆಯುತ್ತೇನೆ. ಪಕ್ಕದಲ್ಲಿ ಡಬ್ಬಿಯ ತುಂಬ ಕೋಡುಬಳೆ. ಗೆದ್ದ ಕ್ಯಾಪ್ಟನ್ ಒಂಟಿಯಾಗಿ ವೇದಿಕೆ ಹತ್ತಿದಾಗ, ಮೈಕಿನಲ್ಲಿ ಯಾರಾದರೂ ಎರಡನೆಯ ಶಾಲು ಯಾರಿಗೆ ಎಂದು ಬಾಯಿ ತೆರೆದರೆ ನನ್ನ ಮೇಜಿನಿಂದಲೇ ಕೂಗುತ್ತೇನೆ:

"ಎರಡೂ ಕೊಟ್ಟು ಕಳಿಸ್ರೀ! ಸುಮ್ನೆ ಚಪ್ಪಾಳೆ ಹೊಡೀರಿ!"